ಬೆಲ್ಲದ ಜೊತೆ ಕೊಟ್ಟ ನೀರು

ಮಂಗಲಳ ಅಳುಕು ಅವಳ ಡೈರಿಗೆ ಮಾತ್ರ ಗೊತ್ತಿತ್ತು. 'ಬಿ.ಎ. ಮುಗಿಸಿದ್ದೇನೆ. ಆದರೂ ನಾಲ್ಕು ಜನರೆದುರು ನಾಲಿಗೆ ಒಣಗುತ್ತದೆ. ಗುರುವಾರವೂ ಹೀಗೇ ಆದರೆ?'

ಗುರುವಾರ ನೀರಿನ ಯೋಜನೆಯ ಎಂಜಿನಿಯರ್ ಸಾಹೇಬರು ಮತ್ತೆ ಬರುವವರಿದ್ದರು. ಅದು ೧೯೯೫ರ ಬೇಸಿಗೆ.

ರಾಯಬಾಗ ಕಡೆಯ ಆ ಹಳ್ಳಿಯ ಸುತ್ತ ಎತ್ತ ನೋಡಿದರೂ ಕಬ್ಬು. ಊರಬಾವಿ ತುಂಬ ನೀರಿತ್ತು, ಆದರೆ ಸವಳು ನೀರು. ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಸಿಹಿನೀರು ಬೇಕೆಂದರೆ ಮಂಗಲಳ ಅವ್ವ ತಾರಾಬಾಯಿ ಎರಡು ಮೈಲಿ ದೂರದ ತೋಟದ ಬಾವಿಯಿಂದ ಕೊಡದ ಮೇಲೆ ಕೊಡ ಹೊತ್ತು ತರಬೇಕಿತ್ತು. ಆ ನೀರು ಮೊದಲು ಮನೆಗೆ ಬಂದ ಅತಿಥಿಗಳಿಗೆ, ಬೆಲ್ಲದ ತುಣುಕಿನ ಜೊತೆ. ಉಳಿದರೆ ಮನೆಯವರಿಗೆ.

ಹೋದ ವರ್ಷ ಸಾಹೇಬರಿಗೂ ಅದೇ ಉಪಚಾರ ನಡೆದಿತ್ತು. ಗಟಗಟ ಕುಡಿದು, "ಏನ್ ರುಚಿ ಐತ್ರಿ ನಿಮ್ಮೂರ ನೀರು!" ಅಂದರು. ಕಾಗದದಲ್ಲಿ 'ತೊಂದರೆ ಇಲ್ಲ' ಎಂದು ಬರೆದುಕೊಂಡರು. ಮಂಗಲಳ ಅಜ್ಜ ಭಾವುಸಾಹೇಬ ಹೆಮ್ಮೆಯಿಂದ ಮೀಸೆ ತಿರುವಿದ. ಅನುದಾನ ಬೇರೆ ಊರಿಗೆ ಹೋಯಿತು.

"ಈ ಸಲ ಖರೇ ಹೇಳ್ರಿ ಅಜ್ಜಾರ," ಅಂದಳು ಅಂಗನವಾಡಿಯ ಖೈರುನ್ನಿಸಾ ಬಾಯಿ.

"ಮನಿಗಿ ಬಂದವ್ರ ಮುಂದ ನಮ್ಮ ನೀರ ಕೆಟ್ಟೈತಿ ಅನ್ನೂದೇನ ಬಾಯಿ? ನಾಳಿ ನಮ್ಮೂರಿಗಿ ಹೆಣ್ಣ ಕೊಡಾವ್ರ ಯಾರ?"

"ಈಗೇನ ಪಾಳಿ ಹಚ್ಚಿ ನಿಂತಾರೇನ್ರಿ? ಮದವಿಗಿ ಬಂದ ಬೀಗರು ಬಾಯಿ ಮುಕ್ಕಳಿಸಿ ಥೂ ಅಂದದ್ದ ಮರತ್ರೇನ?"

ಅಜ್ಜನಿಗೂ ನಗು ಬಂತು. "ಇರಲಿ. ಸರಕಾರ ಸುಮ್ಮನ ರೊಕ್ಕ ಕೊಡತೈತೇನ?"

"ಸುಮ್ಮನ ಅಲ್ರಿ. ಗ್ರಾಮಸಭಾದಾಗ ಊರೆಲ್ಲ ಕೂಡಿ ಕೇಳಬೇಕು. ನೀರಿನ ಸಮಿತಿ ಮಾಡಬೇಕು, ಅದರಾಗ ಹೆಣ್ಣಮಕ್ಕಳೂ ಬೇಕು. ದೊಡ್ಡ ಪಾಲು ಸರಕಾರದ್ದು, ಸಣ್ಣ ವಂತಿಗಿ ನಮ್ಮದು. ಅದೂ ಆಗಲಿಲ್ಲಂದ್ರ ಪೈಪಿನ ತಗ್ಗ ತೋಡಾಕ ಬರ್ರಿ. ಮುಂದ ನಳ ಕಾಯೂದೂ ನಮ್ಮ ಕೆಲಸ. ನಂಬಿಕಿ ಇಲ್ಲಂದ್ರ ಕುಸುಮನ ಊರಿಗಿ ಹೋಗಿ ನೋಡ್ರಿ."

ಕುಸುಮ ಮಂಗಲಳ ಚಿಗವ್ವ, ತಾರಾಬಾಯಿಯ ತಂಗಿ. ಅವಳ ಊರಿಗೆ ಈ ಯೋಜನೆಯ ನಳ ಆಗಲೇ ಬಂದಿತ್ತು. ಅಜ್ಜ, ಮೊಮ್ಮಗಳು ಅಲ್ಲಿ ಬಸ್ಸಿಳಿದಾಗಲೇ ನೀರಿನ ಟಾಕಿ ಕಂಡಿತು. ಕಬ್ಬಿನ ಗರಿಗಳಿಗಿಂತ ಎಷ್ಟೋ ಮೇಲೆ, ಆಕಾಶಕ್ಕೆ ತಾಗಿದಂತೆ ನಿಂತಿತ್ತು. ಕತ್ತೆತ್ತಿ ನೋಡುವಾಗ ಅಜ್ಜನ ತಲೆಯ ಪಟಕಾ ಹಿಂದಕ್ಕೆ ಜಾರಿತು. ಅದನ್ನೆತ್ತಿಕೊಳ್ಳುವ ಎಚ್ಚರವೂ ಅವನಿಗಿರಲಿಲ್ಲ.

ಮನೆ ಮುಂದೆ ಕುಸುಮ ನಳ ತಿರುವಿದಳು. ಮೊದಲು ಬರೀ ಗಾಳಿ. ಆಮೇಲೆ ನಳದ ಬಾಯಿಗೆ ಕಟ್ಟಿದ ಸೋಸುವ ಬಟ್ಟೆ ಉಸಿರು ತುಂಬಿದಂತೆ ಉಬ್ಬಿತು, ತಿಳಿ ನೀರು ಧಾರೆಯಾಗಿ ಕೊಡಕ್ಕೆ ಬಿತ್ತು. ಮಂಗಲ ಒಮ್ಮೆ ಟಾಕಿಯತ್ತ, ಒಮ್ಮೆ ಕೊಡದತ್ತ ನೋಡಿದಳು. ಅಷ್ಟೆತ್ತರ ಏರಿದ ನೀರು ಚಿಗವ್ವನ ಕಾಲಬುಡಕ್ಕೆ ಇಳಿದು ಬಂದಿತ್ತು!

ಅಜ್ಜ ಬೊಗಸೆಯೊಡ್ಡಿ ಕುಡಿದ. ಮೀಸೆ ಒರೆಸಿಕೊಂಡು ಮಂಗಲಳಿಗೆ, "ನೀರ ತಾನ ಮನಿತನಕಾ ನಡಕೋತ ಬಂದೈತಲ್ಲ ಮಗಳ," ಅಂದ.

ಗುರುವಾರ ಬಂತು. ಸಾಹೇಬರು ಅಜ್ಜನ ಮನೆಯ ಕಟ್ಟೆಯ ಮೇಲೆ ಕುಳಿತರು. ಊರು ಸುತ್ತ ನೆರೆಯಿತು. ಅಜ್ಜನ ಬಾಯಿಂದ ಹಳೆಯ ರೂಢಿಯ ಮಾತೇ ಬಂತು: "ತಾರಾ, ತೋಟದ ನೀರ ತಾ!"

ಬೆಲ್ಲ ಬಂತು, ತಂಬಿಗೆ ಬಂತು. ಸಾಹೇಬರು ಕುಡಿದು, "ನೀರು ಛಲೋ ಐತಿ," ಎನ್ನುತ್ತ ಪೆನ್ನು ತೆಗೆದರು. ಮಂಗಲ ಅವ್ವನ ಕಡೆ ನೋಡಿದಳು. ಅವ್ವನ ಹೆಗಲ ಮೇಲಿನ ಸೆರಗು ಇನ್ನೂ ಒದ್ದೆಯಾಗಿತ್ತು.

ಅವಳು ಒಳಗೆ ಹೋಗಿ ಊರಬಾವಿಯ ನೀರು ತುಂಬಿದ ಗ್ಲಾಸು ತಂದಳು. ಅದನ್ನು ಸಾಹೇಬರ ಮುಂದೆ ಇಟ್ಟಳು.

"ಸಾಹೇಬ್ರ, ನೀವು ಕುಡದದ್ದು ನಮ್ಮೂರ ನೀರಲ್ರಿ. ನಮ್ಮವ್ವ ಎರಡ ಮೈಲಿ ಹೊತ್ತ ತಂದದ್ದು. ನಮ್ಮೂರಿಂದು ಇದು ನೋಡ್ರಿ."

ಅಜ್ಜ ಬೆಲ್ಲದ ತಾಟು ಪಕ್ಕಕ್ಕೆ ಸರಿಸಿದ. "ಕುಡದ ನೋಡ್ರಿ ಸಾಹೇಬ್ರ. ನನ್ನ ಮೊಮ್ಮಗಳು ಖರೇ ಅಂದಾಳ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮುಂದಿನ ಗ್ರಾಮಸಭೆಗೆ ಮನೆಮಂದಿಯೆಲ್ಲ ಹೋಗಿ, ನೀರಿನ ಅನುದಾನ ಕೇಳಿ. ನಿಮ್ಮೂರಿಗೂ ಸಾಹೇಬರು ಬಂದಾರು. ಬೆಲ್ಲ ಕೊಡಿ, ಬೇಡವೆನ್ನುವುದಿಲ್ಲ. ನೀರು ಮಾತ್ರ ನೀವು ದಿನಾ ಕುಡಿಯುವುದನ್ನೇ ಕೊಡಿ.