ದೂಝ್‌ಗೆ ರ‍್ಯಾಲಿ ತಂದವಳು

ಗುರುವಾರದ ಸಂತೆಯಲ್ಲಿ ನನ್ನ ಅಕ್ಕ ಜಲೀಲಾ ಅಪ್ಪನ ಖರ್ಜೂರದ ಲಾರಿ ಹತ್ತಿ ನಿಂತು, ಬರುವ ಚಳಿಗಾಲ ಇದೇ ಚೌಕದಿಂದ ಮರುಭೂಮಿಯೊಳಕ್ಕೆ ಕಾರುಗಳ ರ‍್ಯಾಲಿ ಹೊರಡುತ್ತದೆ ಎಂದು ಸಾರಿದಳು. ಮರಳುಗಾಡಿನಂಚಿನ ನಮ್ಮ ದೂಝ್ ಊರಿಗೆ ಊರೇ ಗೊಳ್ಳೆಂದು ನಕ್ಕಿತು.

“ಒಂಟೆಗಳಿಗೂ ಹೆಲ್ಮೆಟ್ ಕೊಡಿಸ್ತೀಯೇನಮ್ಮ?” ಎಂದು ಕೂಗಿದವರು ನಮ್ಮ ಸೋದರಮಾವ ಬಶೀರ್.

“ಒಂಟೆಗೆ ಬುದ್ಧಿ ಇದೆ ಮಾವ, ಅದು ಬೀಳಲ್ಲ. ನಿಮಗೇ ಒಂದು ತರಿಸ್ತೀನಿ.”

ಅಕ್ಕ ಫ್ರಾನ್ಸಿನ ಟ್ರ್ಯಾಕುಗಳಲ್ಲಿ ಹೆಸರು ಮಾಡಿದವಳು. ಒಂದು ಮಳೆಯ ದಿನ ತಿರುವಿನಲ್ಲಿ ಕಾರು ಮಗುಚಿ ಎಡಗಾಲು ಮುರಿಯಿತು. ತಂಡದ ಯಜಮಾನ ಆಸ್ಪತ್ರೆಗೆ ಹೂಗುಚ್ಛ ಕಳಿಸಿದ. ಅವಳ ಕಾರನ್ನು ಗಾಸ್ಪಾರ್ ಎಂಬವನಿಗೆ ಕೊಟ್ಟ. ಅಕ್ಕ ಕುಂಟುತ್ತ ಊರಿಗೆ ಬಂದಳು. ಆಮೇಲೊಂದು ದಿನ ಅಪ್ಪನ ಹಳೇ ಜೀಪು ತೆಗೆದುಕೊಂಡು ಮರಳಿಗೆ ಇಳಿದಳು. ವಾಪಸು ಬಂದಾಗ ಅವಳ ಮುಖವೇ ಬೇರೆಯಾಗಿತ್ತು.

“ಅಲ್ಲಿ ಒಂದೇ ಟ್ರ್ಯಾಕು ಸುತ್ತಿ ಸುತ್ತಿ ಸಾಕಾಗಿತ್ತು ಕಣೋ ಮಿಸ್ಬಾಹ್. ಇಲ್ಲಿ ದಾರೀನೂ ನಾವೇ ಹುಡುಕ್ಕೋಬೇಕು. ಓಟ ಅಂದ್ರೆ ಇದು!”

ರ‍್ಯಾಲಿಗೆ ಅನುಮತಿ ಕೊಡಬೇಕಾದ ಗವರ್ನರ್ ಸಾಹೇಬರೂ ಒಪ್ಪಲಿಲ್ಲ. ರ‍್ಯಾಲಿಯ ದಾರಿಗೆ ಅಡ್ಡವಾಗಿ ಒಂದು ದೊಡ್ಡ ಮರಳುಗುಡ್ಡವಿತ್ತು. ನಾವೆಲ್ಲ ಅದನ್ನು ‘ಅಜ್ಜಿ’ ಎನ್ನುತ್ತಿದ್ದೆವು. “ಅಜ್ಜಿಯನ್ನ ದಾಟಿ ಯಾವ ಗಾಡೀನೂ ಹೋಗಿಲ್ಲ. ಮೊದಲು ನೀವು ದಾಟಿ ತೋರಿಸಿ ತಾಯಿ, ಆಮೇಲೆ ಮಾತಾಡೋಣ,” ಎಂದುಬಿಟ್ಟರು.

ಹೊರಟೆವು. ಸ್ಟೇರಿಂಗು ಅಕ್ಕನ ಕೈಯಲ್ಲಿ, ದಿಕ್ಸೂಚಿ ನನ್ನ ಕೈಯಲ್ಲಿ. ಸುಡುವ ಮಧ್ಯಾಹ್ನ ಹತ್ತಲು ನೋಡಿದಾಗಲೆಲ್ಲ ಜೀಪು ಅರ್ಧಕ್ಕೇ ಹೂತುಕೊಂಡಿತು. ಅಗೆದು ಅಗೆದು ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಮುರಿದಿದ್ದ ಎಡಗಾಲಲ್ಲಿ ಕ್ಲಚ್ ತುಳಿದಾಗಲೆಲ್ಲ ಅಕ್ಕ ಹಲ್ಲು ಕಚ್ಚುತ್ತಿದ್ದಳು.

“ಮನೆಗೆ ಹೋಗೋಣ ಅಕ್ಕ. ಯಾರೂ ಏನೂ ಅನ್ನಲ್ಲ.”

“ಎಲ್ಲರೂ ಅಂತಾರೆ. ಅಂದ್ರೂ ಪರವಾಗಿಲ್ಲ, ನಾನೇ ಅಂದ್ಕೋತೀನಲ್ಲ, ಅದೇ ಕಷ್ಟ. ಟೈರಿನ ಗಾಳಿ ಇನ್ನೂ ಸ್ವಲ್ಪ ಇಳಿಸು, ಮೆತ್ತಗಾದ್ರೆ ಮರಳಲ್ಲಿ ಹೂತ್ಕೊಳ್ಳಲ್ಲ. ಬೆಳಿಗ್ಗೆ ನೋಡೋಣ.”

ಬೆಳಕು ಹರಿಯುವ ಹೊತ್ತಿಗೆ ಮರಳು ತಣ್ಣಗಾಗಿ, ಇಬ್ಬನಿಗೆ ಕೊಂಚ ಬಿಗಿದುಕೊಂಡಿತ್ತು. ಅಕ್ಕ ದೂರಕ್ಕೆ ಹಿಂದೆ ಸರಿದು, ಎಂಜಿನ್ನು ಅರಚುವಂತೆ ಓಡಿಸಿಕೊಂಡು ಬಂದಳು. ಜೀಪು ಏರಿತು, ಏರುತ್ತಲೇ ಹೋಯಿತು. ನೆತ್ತಿಯಲ್ಲಿ ಮುಂದಿನ ಚಕ್ರಗಳು ಗಾಳಿಯಲ್ಲಿ ತೇಲಿದವು. ಕೆಳಗೆ ಏನೂ ಕಾಣಲಿಲ್ಲ.

“ಕಣ್ಣು ಮುಚ್ಕೊಳ್ಳೋ!”

“ನೀನು ಮುಚ್ಕೋಬೇಡ ಅಕ್ಕ!”

ಆಚೆ ಬದಿಗೆ ಜಾರಿ, ಮರಳಿನ ಹೊಳೆಯೊಂದಿಗೇ ಕೆಳಗಿಳಿದೆವು. ಅಕ್ಕ ಜೀಪು ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಇಟ್ಟಳು. ಅಳುತ್ತಾಳೇನೋ ಅಂದುಕೊಂಡೆ. ನಗುತ್ತಿದ್ದಳು. ಆಚೆಯ ಓಯಸಿಸ್ಸಿನ ಪೊಲೀಸ್ ಠಾಣೆಯಿಂದಲೇ ಗವರ್ನರಿಗೆ ಫೋನು ಮಾಡಿ, “ಅಜ್ಜಿ ಚೆನ್ನಾಗಿದ್ದಾಳೆ ಸ್ವಾಮಿ, ನಿಮ್ಮನ್ನ ಕೇಳಿದಳು,” ಎಂದಳು.

ಚಳಿಗಾಲಕ್ಕೆ ರ‍್ಯಾಲಿ ಬಂತು. ಕಾರು, ಬೈಕುಗಳಿಂದ ಚೌಕ ತುಂಬಿತು. ಗಾಸ್ಪಾರ್ ಕೂಡ ಬಂದಿದ್ದ. “ರಸ್ತೆ ಎಲ್ಲಿ ಜಲೀಲಾ, ಮರೆತು ಬಂದ್ಯಾ?” ಎಂದು ಕಿಚಾಯಿಸಿಯೇ ಹೊರಟ.

ಕೊನೆಯ ದಿನ ಬಿರುಗಾಳಿ ಎದ್ದಿತು. ಆಕಾಶ ಕಂದು ತಿರುಗಿತು. ಅಕ್ಕ ಚೌಕದಂಚಿನಲ್ಲಿ, ಓಟ ಮುಗಿಯುವ ಗೆರೆಯ ಬಳಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ನಿಂತವಳು ಕೂರಲೇ ಇಲ್ಲ. ಮಾವ ಬಶೀರ್ ಬೂದಿಯಲ್ಲಿ ಸುಟ್ಟ ರೊಟ್ಟಿ ತಂದು ಕೊಟ್ಟರೂ ಮುಟ್ಟಲಿಲ್ಲ. ಗಾಳಿ ಇಳಿದ ಮೇಲೆ ದೂರದಲ್ಲಿ ಒಂದು ಧೂಳಿನ ಬಾಲ ಕಂಡಿತು, ಅದರ ಹಿಂದೆ ಮತ್ತೊಂದು. ಊರಿನ ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಕೇಕೆಗೆ ಎಂಜಿನ್ನುಗಳ ಸದ್ದೇ ಮುಳುಗಿಹೋಯಿತು.

ಮೊದಲು ಬಂದವನು ಗಾಸ್ಪಾರ್. ಹುಬ್ಬಿನ ತುಂಬ ಮರಳು. ನೇರವಾಗಿ ಅಕ್ಕನ ಬಳಿ ಬಂದ.

“ಆ ಗುಡ್ಡ ನನ್ನನ್ನ ಎಷ್ಟು ಸಲ ಕೆಳಗೆ ತಳ್ತು ಗೊತ್ತಾ? ಆ ಹಳೇ ಜೀಪಲ್ಲಿ ಹೇಗೆ ಹತ್ತಿದೆ ಮಾರಾಯ್ತಿ?”

“ಬೈತಾ ಬೈತಾ,” ಎಂದಳು ಅಕ್ಕ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೆಲ್ಮೆಟ್ಟು ಕಂಕುಳಲ್ಲಿಟ್ಟು, ಎಲ್ಲರೆದುರು ಅವಳಿಗೆ ತಲೆಬಾಗಿದ.

ಕತ್ತಲಾಗುವ ಮುನ್ನ ಎಲ್ಲ ಗಾಡಿಗಳೂ ಬಂದು ಸೇರಿದವು. ಕೊನೆಗೆ ಬಂದ ಇಟಲಿಯ ಇಬ್ಬರು ಹೆಣ್ಣುಮಕ್ಕಳನ್ನು ಊರವರು ಹೆಗಲ ಮೇಲೆ ಹೊತ್ತರು.

ಅಷ್ಟರಲ್ಲಿ ಜನರ ನಡುವೆ ಅಮ್ಮ ಕಂಡಳು. ಹೆದರಿಕೆಗೆ ಮಗಳ ಒಂದು ಪಂದ್ಯವನ್ನೂ ನೋಡಿದವಳಲ್ಲ. ಅಕ್ಕ ಅವಳ ಕೈ ಹಿಡಿದು ಗಾಸ್ಪಾರನ ಕಾರಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಚೌಕದ ಸುತ್ತ ಹೊರಟಳು. ಮೊದಲ ಸುತ್ತಿನಲ್ಲಿ ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಎರಡನೆಯದರಲ್ಲಿ ಬೆರಳ ಸಂದಿಯಿಂದ ಇಣುಕಿದಳು. ಮೂರನೆಯ ಸುತ್ತಿಗೆ ಕಿಟಕಿಯಿಂದ ಅವಳ ದನಿ ನಮಗೆಲ್ಲ ಕೇಳಿಸಿತು:

“ಇದೇನೇ ಆಮೆ ಥರ! ಇನ್ನೂ ಜೋರಾಗಿ ಓಡಿಸೇ!”