ಡಬ್ಬಿಯ ಮೇಲೆ ಬಸವರಾಜುವಿನ ಹೆಸರು

"ಸರ್ಕಾರದ ಕಾಗ್ದನೇ ಏಳ್ತೈತಲ್ಲ, ನನ್ ಮಗಂದು ನೆಟ್ಟಗೈತೆ ಅಂತ! ಇನ್ನೇನ್ ಬೇಕು ನಿಂಗೆ? ಬುಡು ಆ ಕಡ್ಡಿನ. ಎದ್ದೋಗು ಅತ್ಲಾಗೆ!"

ಚಿಕ್ಕಬೀರಮ್ಮ ಸೊಸೆ ಸುಮಿತ್ರಾಳ ಕೈಯಿಂದ ಹೊಗೆಸೊಪ್ಪು ಕಟ್ಟುವ ಕಡ್ಡಿಯನ್ನು ಕಿತ್ತುಕೊಂಡಳು. ಅವತ್ತು, ಒಲೆಯ ಬಿಸಿಯಲ್ಲಿ ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿಗೆ ಆ ವರ್ಷದ ಮೊದಲ ಸೊಪ್ಪು ತುಂಬುವ ದಿನ. ಮೊದಲ ಕಡ್ಡಿಯನ್ನು ಮಕ್ಕಳ ತಾಯಿಯೇ ಕಟ್ಟಬೇಕು ಅನ್ನುವುದು ಆ ಮನೆಯ ಪದ್ಧತಿ. ಪಿರಿಯಾಪಟ್ಟಣ ತಾಲ್ಲೂಕಿನ ಆ ಊರಿಗೆ ಸುಮಿತ್ರಾ ಮದುವೆಯಾಗಿ ಬಂದು ಒಂಬತ್ತು ವರ್ಷ. ಸೊಪ್ಪು ಮುರಿದಿದ್ದಾಳೆ, ಹೊತ್ತಿದ್ದಾಳೆ, ಸಾವಿರಾರು ಕಡ್ಡಿ ಕಟ್ಟಿದ್ದಾಳೆ. ಮೊದಲ ಕಡ್ಡಿಯನ್ನು ಒಂದು ವರ್ಷವೂ ಕಟ್ಟಿಲ್ಲ.

"ನಾನ್ ಕಟ್ತೀನಿ ಅಂದ್ನಾ ಅತ್ತೆ? ಕೆಳಗೆ ಬಿದ್ದಿತ್ತು, ಎತ್ಕೊಟ್ಟೆ."

"ಮುಟ್ಟಿದ್ರೂ ಒಂದೇ ಕಣೆ. ಕೋಟೆ ಕಡೆ ನನ್ ಮಗಂಗೆ ಬ್ಯಾರೆ ಎಣ್ಣು ನೋಡಿ ಆಗೈತೆ. ಈ ಸಲದ ಸೊಪ್ಪು ಬೆಂದು ಮುಗೀಲಿ, ಆಮೇಲೆ ನೀನೂ ಬ್ಯಾಡ, ನಿನ್ ಸಹವಾಸವೂ ಬ್ಯಾಡ."

ಗಂಡ ಬಸವರಾಜು ಬ್ಯಾರನ್ನಿನ ಒಲೆಯ ಬಾಯಲ್ಲಿ ಸೌದೆ ಜೋಡಿಸುತ್ತಿದ್ದ. ತಲೆ ಎತ್ತಲಿಲ್ಲ. ಅವನ ತಮ್ಮ ಚೇತನ್ಕುಮಾರ್ ಬ್ಯಾರನ್ನಿನ ಒಳಗೆ ಕಡ್ಡಿ ನೇತುಹಾಕುವ ಅಡ್ಡಗಳುಗಳ ಮೇಲೆ ನಿಂತಿದ್ದ. ಅವನಿಗೆ ಇಬ್ಬರು ಮಕ್ಕಳು.

"ಏನ್ ಬೀರಕ್ಕ, ನಿನ್ ಬಾಯಿ ಬಸ್‌ಸ್ಟ್ಯಾಂಡ್ ಗಂಟ ಕೇಳ್ತದಲ್ಲ!" ಅನ್ನುತ್ತ ಆಶಾ ಕಾರ್ಯಕರ್ತೆ ನೀಲಾಂಬಿಕೆ ಬಂದಳು.

"ಬಾರವ್ವ, ಬಾ. ನೀನ್ ತಾನೆ ಇವರ್ನ ಆ ಕ್ಯಾಂಪಿಗೆ ಎಳ್ಕೊಂಡೋಗಿದ್ದು? ನೋಡು, ಯಾರ್ದು ಸರಿಯಿಲ್ಲ ಅಂತ ಗೊತ್ತಾಯ್ತಲ್ಲ."

ಆ ಕ್ಯಾಂಪು ಸುಮ್ಮನೆ ಬಂದದ್ದಲ್ಲ. ನೀಲಾಂಬಿಕೆ ಮನೆಮನೆ ತಿರುಗುವಾಗ ಒಂದು ವಿಷಯ ನೋಡಿದ್ದಳು. ಬ್ಯಾರನ್ ಇರುವ ಎರಡೇ ಬೀದಿಯಲ್ಲಿ ಹನ್ನೊಂದು ಮನೆಗೆ ಮಕ್ಕಳಿಲ್ಲ. ಪಟ್ಟಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಕೊಟ್ಟಳು. ಅವರು ಅದನ್ನು ಮೈಸೂರಿನ ಒಬ್ಬ ಲೇಡಿ ಡಾಕ್ಟರಿಗೆ ಕಳಿಸಿದರು. ಹೆರಿಗೆ, ಬಂಜೆತನ, ಗರ್ಭದ ಕಾಯಿಲೆ ಇಂಥವುಗಳ ಸಂಶೋಧನೆಗೆ ಸರ್ಕಾರ ಹಣ ಇಟ್ಟಿರುತ್ತದೆ. ಯಾರಾದರೂ ಅರ್ಜಿ ಹಾಕಿದರೆ ತಾನೆ ಬರುವುದು? ಆ ಡಾಕ್ಟರು ಅರ್ಜಿ ಹಾಕಿದರು. ಹಣ ಮಂಜೂರಾಗಲು ಎರಡು ವರ್ಷ ಹಿಡಿಯಿತು. ಬ್ಯಾರನ್ ಒಲೆಯ ಮುಂದೆ ತಿಂಗಳುಗಟ್ಟಲೆ ಕೂರುವ, ಬರಿಗೈಯಲ್ಲಿ ಬೆಳೆಗೆ ಔಷಧಿ ಹೊಡೆಯುವ ಗಂಡಸರ ವೀರ್ಯಕ್ಕೆ ಏನಾದರೂ ತೊಂದರೆಯಾಗುತ್ತದೆಯೇ ಅಂತ ಕಂಡುಹಿಡಿಯುವುದು ಕೆಲಸ. ಗಂಡ ಹೆಂಡತಿ ಇಬ್ಬರಿಗೂ ಪರೀಕ್ಷೆ. ಒಂದು ಪೈಸೆ ಖರ್ಚಿಲ್ಲ.

"ಮೈಸೂರು ಡಾಕ್ಟ್ರು ಕಳ್ಸವ್ರೆ," ಅಂದಳು ನೀಲಾಂಬಿಕೆ. "ಬಸ್ರಾಜು ಇನ್ನೊಂದ್ ಸಲ ಬರ್ಬೇಕಂತೆ."

"ಯಾತಕ್ಕೆ?" ಬಸವರಾಜು ಕೈಲಿದ್ದ ಸೌದೆ ಕೆಳಗಿಟ್ಟ.

"ಹೋದ ತಿಂಗ್ಳು ನರ್ಸು ನಿನ್ ತೋಳಿಂದ ರಕ್ತ ತಗೊಂಡ್ಳಲ್ಲ. ರಕ್ತ ಒಂದು ಹೇಳ್ತದೆ, ಹೋದ ವರ್ಷ ಕೊಟ್ಟ ವೀರ್ಯದ ಡಬ್ಬಿ ಇನ್ನೊಂದು ಹೇಳ್ತದೆ. ಎರಡಕ್ಕೂ ತಾಳೆ ಆಯ್ತಿಲ್ಲ."

"ನಾ ಬರಕಿಲ್ಲ. ಬ್ಯಾರನ್ ಬುಟ್ಟು ಎಲ್ಗೋಗ್ಲಿ? ಬಿಸಿ ಒಂಚೂರು ಎಚ್ಚಾದ್ರೆ ಸೊಪ್ಪೆಲ್ಲ ಕರ್ರಗಾಯ್ತದೆ."

"ಇನ್ನೂ ಬೆಂಕೀನೇ ಹಾಕಿಲ್ವಲ್ಲೋ!"

"ಸರ್ಕಾರಕ್ಕೆ ಬ್ಯಾರೆ ಕೆಲ್ಸ ಇಲ್ವಾ?" ಚಿಕ್ಕಬೀರಮ್ಮ ನಡುವೆ ಬಂದಳು. "ಗಂಡಸ್ರ ಪಂಚೆ ಒಳಗೆ ಇಣುಕಕ್ಕೆ ದುಡ್ಡು ಕೊಟ್ಟು ಕಳಿಸ್ತದಾ?"

"ಸೊಸೆ ಹೊಟ್ಟೆ ಒಳಗೆ ಇಣುಕ್ದಾಗ ಸುಮ್ನಿದ್ಯಲ್ಲ ಬೀರಕ್ಕ."

ಹೌದು, ಇಣುಕಿದ್ದರು. ಗಂಡನ ವರದಿ ಚೆನ್ನಾಗಿದೆ ಅಂತ ಬಂದ ಮೇಲೆ ದೋಷ ಹೆಂಡತಿಯಲ್ಲೇ ಇರಬೇಕು ಅಂತ ಹುಡುಕಿದರು. ಮೈಸೂರಿನ ಆಸ್ಪತ್ರೆಯಲ್ಲಿ ಸುಮಿತ್ರಾಳ ಹೊಟ್ಟೆಗೆ ಮೂರು ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡಿದರು. ಏನೂ ಸಿಗಲಿಲ್ಲ. ಒಂದು ಗಾಯ ಕೀವಾಯಿತು. ಐದು ವಾರ ಅವಳು ಆ ಕೀವು ಒರೆಸಿಕೊಂಡೇ ಹೊಲಕ್ಕೆ ಹೋದಳು.

"ಬಸ್ರಾಜು ಬರ್ದೆ ಇದ್ರೆ ಸುಮಿತ್ರನ್ನೇ ಇನ್ನೊಂದ್ಸಲ ನೋಡ್ಬೇಕಾಯ್ತದೆ," ಅಂದಳು ನೀಲಾಂಬಿಕೆ.

"ಬರ್ತಾಳೆ, ಕರ್ಕೊಂಡೋಗು," ಅಂದ ಬಸವರಾಜು. ಇಷ್ಟೇ ಅಂದ. ಮತ್ತೆ ಸೌದೆ ಎತ್ತಿಕೊಂಡ.

ಚೇತನ್ಕುಮಾರ್ ಗಳುವಿನಿಂದ ಧೊಪ್ಪನೆ ಕೆಳಗೆ ಹಾರಿದ.

"ಸಾಕು ಕಣಣ್ಣ. ಅತ್ತಿಗೇನ ಇನ್ನು ಕುಯ್ಸಬ್ಯಾಡ. ನೀಲಕ್ಕ, ಆ ಡಬ್ಬಿ ನಂದು."

"ಏನ್ಲಾ ಬೊಗಳ್ತಿದೀಯ?" ಅಂದಳು ತಾಯಿ.

"ಕ್ಯಾಂಪಿನ ದಿನ ಆಸ್ಪತ್ರೆ ಬಚ್ಚಲು ಬಾಗ್ಲಲ್ಲಿ ಅಣ್ಣ ಅರ್ಧ ಗಂಟೆ ನಿಂತ. 'ಊರೋರೆಲ್ಲ ಅವ್ರೆ, ನಂಗಾಗಕಿಲ್ಲ, ನೀನೋಗ್ಲಾ ಚೇತು' ಅಂದ. ಹೋದೆ. ಮೇಲೆ ಅವನ ಹೆಸರಿನ ಚೀಟಿ ಇತ್ತು."

ಸುಮಿತ್ರಾ ಗಂಡನ ಮುಂದೆ ಹೋಗಿ ನಿಂತಳು.

"ನಿಜವಾ?"

"ನಂದೇ ಕಮ್ಮಿ ಅಂತ ಬಂದ್ರೆ ಊರಲ್ಲಿ ಎಂಗೆ ತಲೆ ಎತ್ಲಿ ಕಣೆ? ಎಲ್ರೂ ನಗ್ತಾರೆ."

"ನನ್ ಹೊಟ್ಟೆ ತೂತು ಮಾಡ್ದಾಗ ನೀವು ಬಾಗ್ಲಲ್ಲೇ ಕೂತಿದ್ರಿ. 'ಹೆದರ್ಬ್ಯಾಡ' ಅಂತ ಕೈ ಹಿಡ್ಕೊಂಡ್ರಿ. ಆವಾಗ್ಲೂ ಗೊತ್ತಿತ್ತು ನಿಮ್ಗೆ."

ಬಸವರಾಜು ಕೈಲಿದ್ದ ಸೌದೆಯನ್ನು ಒಲೆಯ ಬಾಯಿಗೆ ತುರುಕಿದ.

ಚಿಕ್ಕಬೀರಮ್ಮ ಕೈಲಿದ್ದ ಕಡ್ಡಿಯನ್ನು ಸೊಪ್ಪಿನ ರಾಶಿಯ ಮೇಲಿಟ್ಟಳು. "ನಾಳೇನೆ ಓಗಿ ಕೊಟ್ಬಾ ಕಣ್ಲಾ, ಮುಖೇಡಿ," ಅಂದಳು ಮಗನಿಗೆ. ಆಮೇಲೆ ಅದೇ ಕಡ್ಡಿ ಎತ್ತಿ ಸೊಸೆಯ ಕಡೆ ಚಾಚಿದಳು. "ಬಾ ಕಣವ್ವ. ಈ ಸಲ ಮೊದಲ್ನೇದು ನೀನೇ ಕಟ್ಟು."

ಸುಮಿತ್ರಾ ಕಡ್ಡಿ ಮುಟ್ಟಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದಳು. ಹಸಿ ಸೊಪ್ಪಿನ ಅಂಟು ಬೇಗ ಹೋಗುವುದಿಲ್ಲ. ಬೂದಿ ಹಾಕಿ ಉಜ್ಜಿದಳು. ಕೈಯಲ್ಲಿ ಕಪ್ಪು ಉಳಿಯಿತು. ಒಳಗೆ ಹೋಗಿ ಆಸ್ಪತ್ರೆಯ ಫೈಲು ಇದ್ದ ಚೀಲ ಒಂದನ್ನೇ ತಂದಳು.

"ನಾನೂ ಬತ್ತೀನಿ ತಾಳು," ಅಂದಳು ನೀಲಾಂಬಿಕೆ.

"ಬ್ಯಾಡ ನೀಲಕ್ಕ. ನೀನಿಲ್ಲೇ ಇರು. ಇನ್ನೂ ಹತ್ತು ಮನೆ ಅವೆ, ಆ ಡಬ್ಬಿಗಳು ಯಾರವು ಅಂತ ಕೇಳು."

ಸುಮಿತ್ರಾ ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಅಲ್ಲಿಂದ ಕೆ.ಆರ್. ನಗರ, ಅಲ್ಲಿಂದ ಮಿರ್ಲೆಯ ತವರು.

ಮಾರನೆಯ ದಿನ ಬಸವರಾಜು ಒಬ್ಬನೇ ಆಸ್ಪತ್ರೆಗೆ ಹೋಗಿ, ಡಬ್ಬಿಯ ನಿಜ ಹೇಳಿ, ಪರೀಕ್ಷೆಗೆ ಕೊಟ್ಟ. ವೀರ್ಯಾಣು ತೀರಾ ಕಡಿಮೆ ಅಂತ ಬಂತು. ಡಾಕ್ಟರು ಬೈಯಲಿಲ್ಲ. "ಒಲೆಯ ಬಿಸಿಯಿಂದಲೇ ಹೀಗಾಯಿತು ಅಂತ ನಾನು ಹೇಳಲಾರೆ. ಅದನ್ನು ತಿಳಿಯುವುದಕ್ಕೇ ಈ ಸಂಶೋಧನೆ. ಮೊದಲೇ ನಿಜ ಗೊತ್ತಿದ್ದರೆ ಚಿಕಿತ್ಸೆ ಆಗಲೇ ಶುರು ಮಾಡಬಹುದಿತ್ತು. ಈಗಲೂ ಮಾಡೋಣ. ನಿಮ್ಮ ಮನೆಯವರೆಲ್ಲಿ?" ಅಂದರು. "ತವರಿಗೋಗವ್ಳೆ," ಅಂದ ಅವನು. ಡಾಕ್ಟರು ಪಟ್ಟಿಯಲ್ಲಿ ಆ ಜೋಡಿಯ ಸಾಲಿನ ಮೇಲೆ ಗೀಟು ಎಳೆದರು. ಸುಳ್ಳು ಸೇರಿದ ಲೆಕ್ಕವನ್ನು ಅವರು ಇಟ್ಟುಕೊಳ್ಳುವ ಹಾಗಿಲ್ಲ. ಸಾಕಷ್ಟು ಜೋಡಿ ಸಿಗದಿದ್ದರೆ ಮುಂದಿನ ವರ್ಷದ ಹಣವೂ ಬರುವುದಿಲ್ಲ. ಆಗ ಬ್ಯಾರನ್ ಬೀದಿಯ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ.

ಓದುತ್ತಿರುವ ಗಂಡಸರೇ, ನಿಮಗೇ ಹೇಳುತ್ತಿರುವುದು. ಮಕ್ಕಳಾಗದಿದ್ದರೆ ಪರೀಕ್ಷೆ ಇಬ್ಬರಿಗೂ ಆಗಬೇಕು. ಗಂಡಸರ ಮೊದಲ ಪರೀಕ್ಷೆಗೆ ಕತ್ತರಿ ಬೇಡ, ಸೂಜಿ ಬೇಡ, ಒಂದು ಡಬ್ಬಿ ಸಾಕು. ಅದಕ್ಕೂ ನಾಚಿಕೊಂಡು ಹೆಂಡತಿಯ ಹೊಟ್ಟೆ ಕುಯ್ಯಿಸುವವನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಊರಿಗೆ ಸಂಶೋಧನೆಯವರು ಬಂದರೆ ಹೆದರಬೇಡಿ, ಕಣ್ಣು ಮುಚ್ಚಿ ನಂಬಲೂ ಬೇಡಿ. ಹಣ ಯಾವ ಇಲಾಖೆಯದು, ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಅಂತ ಕೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡೇ ಸಹಿ ಹಾಕಿ. ದುಡ್ಡು ಕೇಳಿದರೆ ಕೊಡಬೇಡಿ. ನಿಮ್ಮ ಹೆಸರು ಗುಟ್ಟಾಗಿ ಇಡಬೇಕಾದದ್ದು ಅವರ ಹೊಣೆ. ಇಷ್ಟವಿಲ್ಲದಿದ್ದರೆ ಒಲ್ಲೆ ಅನ್ನಿ, ನಡುವೆ ಬಿಟ್ಟರೂ ಯಾರೂ ಕೇಳುವ ಹಾಗಿಲ್ಲ. ಸುಳ್ಳು ಮಾತ್ರ ಕೊಡಬೇಡಿ.

ನಿಮ್ಮ ಊರಿಗೆ ಯಾರೂ ಬಂದಿಲ್ಲವೇ? ಸಂಘದ ಹೆಂಗಸರು ಕೂತು ವಿಷಯ ಬರೆದು ಆರೋಗ್ಯ ಕೇಂದ್ರಕ್ಕೆ ಕೊಡಿ. ಇದಕ್ಕೆ ಸರ್ಕಾರದಲ್ಲಿ ಹಣ ಇದೆ, ಅರ್ಜಿ ಹಾಕಿ ಅಂತ ಡಾಕ್ಟರನ್ನು ಕೇಳಿ. ಬಾಯಿ ಮುಚ್ಚಿಕೊಂಡಿರುವ ಊರಿಗೆ ಯಾವ ಹಣವೂ ಬರುವುದಿಲ್ಲ.

ಚಿಕ್ಕಬೀರಮ್ಮ ಎರಡು ಸಲ ಮಿರ್ಲೆಗೆ ಹೋಗಿ ಬಂದಳು. ಬಸವರಾಜು ಮೂರು ಸಲ. ಬ್ಯಾರನ್ ಆರಿತು, ಸೊಪ್ಪು ಹರಾಜಿಗೆ ಹೋಯಿತು. ಸುಮಿತ್ರಾ ಬರಲಿಲ್ಲ.