ಬೆತ್ತದ ಕೋಣೆಯ ಬಲ್ಬು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ. ನಾಯಿಗೆ ಇರುವುದೆಲ್ಲ ಮೂಗಿನ ತುದಿಯಲ್ಲಿ, ಕೋಪವೊಂದು ಬೇರೆಲ್ಲಿರಬೇಕು? ಈ ಕೇಸಿನಲ್ಲಿ ಅಪರಾಧಿ ಯಾರೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಉಳಿದ ಹನ್ನೊಂದು ದಿನ ಹಾಳಾದದ್ದು ಅದನ್ನು ಮನುಷ್ಯರ ತಲೆಗೆ ಹೋಗಿಸುವುದರಲ್ಲಿ.

ನಮ್ಮ ಅಣ್ಣ ಬೆತ್ತದ ಕುರ್ಚಿ ಹೆಣೆಯುವವನು. ಹುಟ್ಟುಕುರುಡ. ಅವನ ತಂಗಿ ಅಣ್ಣ ಅನ್ನುತ್ತಾಳೆ, ಬೀದಿಯವರೂ ಅಣ್ಣ ಅನ್ನುತ್ತಾರೆ, ಹಾಗಾಗಿ ನನಗೂ ಅಣ್ಣನೇ. ನಾನು ಅವನಿಗೆ ದಾರಿ ತೋರಿಸುವ ನಾಯಿ. ಸಿಕ್ಕಿದ್ದನ್ನೆಲ್ಲ ಮೂಸಿ ನೋಡುತ್ತೇನೆಂದು ಅವನು ನನಗೆ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟ. ತಮಾಷೆಗೆ ಇಟ್ಟ ಹೆಸರೇ ಸರಿ, ಆದರೆ ನಾನು ಅದನ್ನು ತಮಾಷೆಯಾಗಿ ತೆಗೆದುಕೊಂಡಿಲ್ಲ.

ಮನೆಯ ಕೆಳಗಿನ ಭಾಗದಲ್ಲಿ ನಾವಿಬ್ಬರು. ಮೇಲೆ ತಂಗಿ ಮತ್ತು ಅವಳ ಗಂಡ. ಕೆಲಸದ ಕೋಣೆ ಒಳಗಡೆಯದು. ಅದರ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದೆ. ಬೆಳಿಗ್ಗೆ ಹಿಂಬಾಗಿಲಿನಿಂದ ಒಂದಿಷ್ಟು ಬೆಳಕು ಬರುತ್ತದೆ, ಮಧ್ಯಾಹ್ನದ ಮೇಲೆ ಅಲ್ಲಿ ಕಣ್ಣಿದ್ದವರು ತಡಕಾಡಬೇಕು. ಅಣ್ಣ ತಡಕಾಡುವುದಿಲ್ಲ. ಬಾಗಿಲಿನಿಂದ ಮೇಜಿಗೆ ಏಳು ಹೆಜ್ಜೆ. ಬೆತ್ತ ನೆನೆಸುವ ಟಬ್ಬು ಎಡ ಮೊಣಕಾಲಿನ ಪಕ್ಕ. ದಬ್ಬಳ, ಸುತ್ತಿಗೆ, ತೂತಿಗೆ ಹೊಡೆಯುವ ಮರದ ಗೂಟಗಳು ಸಾಲಾಗಿ, ಕೊನೆಗೆ ಚಾಕು, ಹಿಡಿ ತನ್ನ ಕಡೆಗೆ. ಮೂವತ್ತು ವರ್ಷದಿಂದ ಅದೇ ಜಾಗ, ಒಂದು ಬೆರಳು ಆಚೀಚೆ ಇಲ್ಲ.

ಮೇಜಿನ ಮೇಲೆ ಒಂದು ಬಲ್ಬು ಇಳಿಬಿದ್ದಿದೆ, ಹಳೇ ಕಾಲದ್ದು, ಉರಿದರೆ ಕೆಂಡದಂತೆ ಕಾಯುತ್ತದೆ. ಅದು ಅಣ್ಣನಿಗಲ್ಲ, ಬಡಗಿಗೆ. ಕುರ್ಚಿಯ ಚೌಕಟ್ಟು ತಂದುಕೊಡುವ ಆ ಬಡಗಿ ಅಣ್ಣನ ಒಬ್ಬನೇ ಗೆಳೆಯ. ಬಂದವನೇ ಬಲ್ಬು ಹಾಕಿ ಹೆಣಿಗೆ ನೋಡುತ್ತಾನೆ. ಹಣೆಗೆ ಶಾಖ ತಾಗಿದೊಡನೆ ಅಣ್ಣ, "ಬಂದ್ಯೇನೋ, ನಿನ್ ಕಣ್ಣಿಗೆ ಎಷ್ಟು ಬೆಳಕಿದ್ರೂ ಸಾಲ್ದು" ಎಂದು ಕಿಚಾಯಿಸುತ್ತಾನೆ.

ಹನ್ನೆರಡು ದಿನದ ಹಿಂದೆ ನಾವು ಮಧ್ಯಾಹ್ನದ ಸುತ್ತಾಟ ಮುಗಿಸಿ ಬಂದೆವು. ದಿನವೂ ಮೂರು ಗಂಟೆಗೆ ಹೊರಟು ಬಸ್ ನಿಲ್ದಾಣದವರೆಗೆ ಹೋಗಿ ಬರುತ್ತೇವೆ, ಒಂದು ತಾಸು. ಬೀದಿ ಬಾಗಿಲ ಬಳಿಯ ಕುರ್ಚಿಯಲ್ಲಿ ತಂಗಿ ಹೊಲಿಗೆ ಹಿಡಿದು ಕೂತಿದ್ದಳು. ಅಣ್ಣ ಒಳಗೆ ಹೋಗಿ ಏಳನೇ ಹೆಜ್ಜೆಗೆ ಟಬ್ಬಿನ ಮೇಲೆ ಮುಗ್ಗರಿಸಿದ. ಮೊಣಕಾಲ ಕೆಳಗೆ ಚರ್ಮ ಕಿತ್ತುಬಂತು. ಟಬ್ಬು ಒಂದು ಗೇಣು ಬಲಕ್ಕೆ ಬಂದಿತ್ತು.

ನಾನು ಟಬ್ಬಿನ ಅಂಚನ್ನು ಮೂಸಿದೆ. ತಂಗಿಯ ವಾಸನೆ. ಅವಳು ಮಂಡಿನೋವಿಗೆ ಹಚ್ಚುವ ಮುಲಾಮಿನ ಘಾಟು. ದಿನಾ ಬೆಳಿಗ್ಗೆ ಕೋಣೆ ಗುಡಿಸುವವಳು ಅವಳೇ, ವಾಸನೆ ಇದ್ದರೆ ಏನಾಯಿತು ಅಂತ ನೀವು ಕೇಳಬಹುದು. ಬೆಳಗಿನ ವಾಸನೆ ಬೇರೆ, ಈಗಿನ ವಾಸನೆ ಬೇರೆ. ಬೆಳಗಿನದು ಮಧ್ಯಾಹ್ನದ ಹೊತ್ತಿಗೆ ತೆಳುವಾಗಿ ನೆಲ ಹಿಡಿದಿರುತ್ತದೆ. ಇದು ಹಸಿಯಾಗಿ ಮೂಗಿಗೆ ಹೊಡೆಯುತ್ತಿತ್ತು, ಅರ್ಧ ತಾಸಿನದು. ಇಷ್ಟು ಸಾಕ್ಷಿ ಸಾಕು, ನನ್ನ ಕೋರ್ಟಿನಲ್ಲಿ ಅವಳಿಗೆ ಅಂದೇ ಶಿಕ್ಷೆಯಾಗಿತ್ತು.

ಅವಳು ಓಡಿ ಬಂದು ಗಾಯ ತೊಳೆದು ಪಟ್ಟಿ ಕಟ್ಟಿದಳು. "ಅಯ್ಯೋ ಅಣ್ಣ, ನೀನೇ ಎಲ್ಲೋ ಇಟ್ಟು ಮರ್ತಿದ್ದೀಯ."

"ನಾನು ಮರೆಯಲ್ಲ ಕಣೇ ಪುಟ್ಟಿ. ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ? ನಾನು ಬಾಗಿಲಲ್ಲೇ ಕೂತಿದ್ದೆ. ಒಂದು ನೊಣಾನೂ ಒಳಗೆ ಹೋಗಿಲ್ಲ."

ಈ ಮಾತನ್ನು ನೆನಪಿಡಿ. ಅದನ್ನು ಅವಳು ಹನ್ನೆರಡು ದಿನದಲ್ಲಿ ಎಷ್ಟು ಸಲ ಹೇಳಿದಳೆಂದರೆ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಕಾರಣ ನನಗೆ ಗೊತ್ತಿತ್ತು. ಅವಳ ಗಂಡನಿಗೆ ದೂರದ ಊರಿಗೆ ವರ್ಗವಾಗಿದೆ. ಅಲ್ಲಿ ಸಿಕ್ಕಿದ್ದು ಎರಡು ಕೋಣೆಯ ಮನೆ. ಅಣ್ಣನನ್ನು ಕರೆದುಕೊಂಡು ಹೋಗಲು ಜಾಗವಿಲ್ಲ, ಬಿಟ್ಟು ಹೋದರೆ ನಾಲ್ಕು ಜನರ ಬಾಯಿಗೆ ಬೀಳಬೇಕು. ಕುರುಡರ ನಿಲಯವೊಂದರಲ್ಲಿ ಒಂದು ಹಾಸಿಗೆ ಖಾಲಿಯಿದೆ. ಆದರೆ ಅಲ್ಲಿನ ನಿಯಮ ಹೀಗೆ: ಬರುವವನೇ ವಾರ್ಡನ್ ಮುಂದೆ 'ನನಗೆ ಒಬ್ಬನೇ ಇರಲು ಆಗುವುದಿಲ್ಲ' ಎಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿ ನಾಯಿಗೆ ಪ್ರವೇಶವಿಲ್ಲ. ಅವಳು ಎರಡು ಸಲ ಕೇಳಿದ್ದಳು. ಎರಡು ಸಲವೂ ಅಣ್ಣ ನಕ್ಕು, "ನನಗೇನಾಗಿದೆ? ನಾನೂ ಇನ್‌ಸ್ಪೆಕ್ಟರೂ ಆರಾಮಾಗಿರ್ತೀವಿ, ನೀವು ಹೊರಡಿ" ಅಂದಿದ್ದ.

ಹೀಗಾಗಿ ಅವನ ಬಾಯಿಂದಲೇ ಅದನ್ನು ಹೇಳಿಸಬೇಕಾಗಿತ್ತು. ಅವಳು ಒಳ್ಳೆಯ ತಂಗಿಯಾಗಿಯೂ ಉಳಿಯಬೇಕಾಗಿತ್ತು.

ಮರುದಿನ ದಬ್ಬಳ ಮಾಯ. ಅದರ ಮರುದಿನ ಚೌಕಟ್ಟು ದಾರಿಗೆ ಅಡ್ಡ. ಅದಕ್ಕೆ ಅಣ್ಣ ಬಡಗಿಯನ್ನು ತರಾಟೆಗೆ ತೆಗೆದುಕೊಂಡ. "ಕುರುಡನ ಮನೇಲಿ ಸಾಮಾನು ಹೀಗಾ ಇಡೋದು?" ಬಡಗಿ ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಆ ಬಡಪಾಯಿ ಮುಖ ಸಪ್ಪೆ ಮಾಡಿಕೊಂಡು ಹೋದವನು ಮತ್ತೆ ಬರಲಿಲ್ಲ. ಬಲ್ಬು ಆರಿಯೇ ಇತ್ತು.

ನಾನು ಸುಮ್ಮನೆ ಕೂತಿದ್ದೆ ಅಂದುಕೊಳ್ಳಬೇಡಿ. ತಂಗಿಯ ಚಪ್ಪಲಿ ಕಚ್ಚಿ ತಂದು ಮೇಜಿನ ಮೇಲೆ ಇಟ್ಟೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಅಣ್ಣ, "ಆಟ ಆಡೋಕೆ ಇದೇನಾ ಹೊತ್ತು?" ಎಂದು ಅದನ್ನು ಮೂಲೆಗೆ ಎಸೆದ. ಮನುಷ್ಯರ ದಡ್ಡತನಕ್ಕೆ ಮಿತಿಯೇ ಇಲ್ಲ. ಮೂಗು ತೂರಿಸಬೇಡ ಅನ್ನುವುದನ್ನು ಬೈಗುಳ ಮಾಡಿಕೊಂಡವರು ಇವರು. ಇವರಿಂದ ಇನ್ನೇನು ನಿರೀಕ್ಷೆ?

ಎಂಟನೇ ದಿನ ಚಾಕು ತಿರುಗಿತ್ತು. ಹಿಡಿ ಇರಬೇಕಾದ ಕಡೆ ಅಲಗು. ಅಣ್ಣ ನಂಬಿಕೆಯಿಂದ ಹಿಡಿದ, ಅಂಗೈ ಸೀಳಿತು. ರಕ್ತ ಟಪಟಪ ಬೆತ್ತದ ಮೇಲೆ ಬೀಳುತ್ತಿತ್ತು. ತಂಗಿ ಬಂದಳು, ಅತ್ತಳು. ಆ ಅಳು ಸುಳ್ಳಲ್ಲ, ಅದನ್ನೂ ಹೇಳುತ್ತೇನೆ, ಸುಳ್ಳು ಅಳುವಿನ ಬೆವರು ಬೇರೆ. ಅಷ್ಟು ಆಳಕ್ಕೆ ಕುಯ್ಯುತ್ತದೆ ಎಂದು ಅವಳು ಎಣಿಸಿರಲಿಲ್ಲ. ಆದರೆ ಅಳುತ್ತಲೇ, "ಇನ್ನು ನಿನ್ನ ಒಬ್ಬನ್ನೇ ಹೇಗಣ್ಣ ಬಿಟ್ಟು ಹೋಗ್ಲಿ?" ಅಂದಳಲ್ಲ, ಆಗ ನನ್ನ ಮೈಯೆಲ್ಲ ಉರಿದುಹೋಯಿತು. ಚಾಕು ತಿರುಗಿಸಿದ ಕೈಯೇ ಪಟ್ಟಿ ಕಟ್ಟುತ್ತಿತ್ತು. ನಾನು ಹಲ್ಲು ಕಿರಿದು ಆ ಕೈಯ ಮೇಲೆ ಗುರುಗುಟ್ಟಿದೆ.

"ನೋಡು, ಇದಕ್ಕೂ ಬುದ್ಧಿ ಕೆಟ್ಟಿದೆ" ಅಂದಳು.

"ಸುಮ್ನಿರೋ!" ಅಂದ ಅಣ್ಣ. ನಾನು ಸುಮ್ಮನಾಗಲಿಲ್ಲ. ಆಗ ಅವನು ಮೇಜಿನ ಮೇಲಿದ್ದ ಬೆತ್ತ ತೆಗೆದು ನನ್ನ ಬೆನ್ನಿಗೆ ಬಾರಿಸಿದ. ಆರು ವರ್ಷದಲ್ಲಿ ಮೊದಲ ಏಟು. ನೋವು ಒಂದು ಗಳಿಗೆಯದು, ಸಿಟ್ಟು ಇವತ್ತಿಗೂ ಇದೆ.

ಆಮೇಲೆ ಅಣ್ಣ ಬದಲಾದ. ಪ್ರತಿಯೊಂದನ್ನೂ ಎರಡು ಸಲ ಮುಟ್ಟಿ ನೋಡತೊಡಗಿದ. ಏಳು ಹೆಜ್ಜೆಯ ದಾರಿಯಲ್ಲಿ ಕೈ ಮುಂದೆ ಚಾಚಿ ನಡೆದ. ಹೆಣಿಗೆ ತಪ್ಪುತ್ತಿತ್ತು, ಬಿಚ್ಚುತ್ತಿದ್ದ, ಮತ್ತೆ ತಪ್ಪುತ್ತಿತ್ತು. ಹನ್ನೊಂದನೇ ದಿನ ರಾಶಿಬಿದ್ದ ಬೆತ್ತದ ಮುಂದೆ ಕೈಕಟ್ಟಿ ಕೂತು, "ಪುಟ್ಟಿ, ನಾಳೆ ವಾರ್ಡನ್‌ಗೆ ಬರೋಕೆ ಹೇಳು" ಅಂದ. ಅವಳು ಆಗಲೇ ಹೇಳಿಯಾಗಿತ್ತು. ನಾಲ್ಕು ಗಂಟೆಗೆ.

ಹನ್ನೆರಡನೇ ದಿನ ಮೂರು ಗಂಟೆಗೆ ನಾವು ಎಂದಿನಂತೆ ಹೊರಟೆವು. ಬಾಗಿಲಲ್ಲಿ ಅವಳ ಹೊಲಿಗೆ, ಅವಳ ಮುಲಾಮು. ವಾರ್ಡನ್ ಬರುವ ಮುಂಚೆ ಅಣ್ಣನನ್ನು ಇನ್ನೊಂದು ಸಲ ಬೀಳಿಸದೆ ಅವಳು ಬಿಡುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಕಳ್ಳರನ್ನು ಕೈಯಲ್ಲಿ ಮಾಲು ಇರುವಾಗ ಹಿಡಿಯಬೇಕು. ಔಷಧಿ ಅಂಗಡಿಯ ತಿರುವಿನಲ್ಲಿ ನಾನು ಕುಕ್ಕರಿಸಿ ಕೂತೆ. ಅಣ್ಣ ಎಳೆದ, ಬೈದ. ಏಳಲಿಲ್ಲ. ಆಮೇಲೆ ಎದ್ದು ಮನೆಯ ಕಡೆಗೆ ತಿರುಗಿ ಅವನನ್ನು ಎಳೆದುಕೊಂಡು ಹೊರಟೆ.

"ಇವತ್ತು ಏನಾಗಿದೆಯೋ ನಿನಗೆ! ನನ್ನ ಬಿಟ್ಟಿರ್ಬೇಕು ಅಂತ ಗೊತ್ತಾಗೋಯ್ತಾ?" ನಾನು ಇನ್ನಷ್ಟು ಜೋರಾಗಿ ಎಳೆದೆ.

ಬಾಗಿಲ ಕುರ್ಚಿ ಖಾಲಿ. ಒಳಗಿನಿಂದ ಸರಕ್ ಅನ್ನುವ ಸದ್ದು, ಬರಿಗಾಲು ಹಿಂದಿನ ಮೆಟ್ಟಿಲು ಹತ್ತಿದ ಸದ್ದು. ಸಿಕ್ಕಿಬಿದ್ದಳು ಎಂಬ ಉತ್ಸಾಹದಲ್ಲಿ ನಾನು ಬೊಗಳಿಬಿಟ್ಟೆ, ಹಾಳು ಬೊಗಳಾಟದಲ್ಲಿ ಅಣ್ಣನಿಗೆ ಆ ಹೆಜ್ಜೆ ಕೇಳಿಸಲಿಲ್ಲ. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ನಾನು ಮಾಡಿಲ್ಲ.

ಕೋಣೆಯೊಳಗೆ ಅಣ್ಣ ಕೂರುವ ಸ್ಟೂಲು ನಾಲ್ಕನೇ ಹೆಜ್ಜೆಯ ಮೇಲೆ ನಿಂತಿತ್ತು. ನಾನು ಅಡ್ಡ ನಿಂತು ಅಣ್ಣನನ್ನು ತಡೆದೆ. ಆಮೇಲೆ ತಲೆಯೆತ್ತಿದೆ. ಬಲ್ಬು ಉರಿಯುತ್ತಿತ್ತು. ಆ ಕತ್ತಲೆ ಕೋಣೆಯಲ್ಲಿ ಸ್ಟೂಲು ಸರಿಸಲು ಅವಳಿಗೆ ಬೆಳಕು ಬೇಕಾಗಿತ್ತು. ನಾವು ಬಂದ ಸದ್ದಿಗೆ ಆರಿಸದೆ ಓಡಿದ್ದಳು. ಉರಿದರೇನು, ನೋಡುವವರು ಯಾರು? ಕಣ್ಣಿಲ್ಲದವನ ಕಣ್ಣಿಗೆ ಮಣ್ಣೆರಚಿದವಳು ಅಷ್ಟು ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ.

ನೋಡುವವನು ನಾನಿದ್ದೆ. ಆದರೆ ತೋರಿಸುವುದು ಹೇಗೆ? ನಾನು ಮುಂಗಾಲು ಮೇಜಿನ ಮೇಲಿಟ್ಟು ಎದ್ದು ನಿಂತು ಬಲ್ಬಿಗೆ ಮೂಗು ಒತ್ತಿದೆ. ಚರ್ ಅಂದಿತು. ಮೂಗು ನನ್ನ ಸರ್ವಸ್ವ, ಅದನ್ನೇ ಸುಟ್ಟುಕೊಂಡೆ. ಸುಳ್ಳೇಕೆ ಹೇಳಲಿ, ಊರು ಕೇಳುವಂತೆ ಕಿರುಚಿದೆ.

"ಏನಾಯ್ತೋ? ಏನಾಯ್ತೋ ಮಗನೇ?" ಅಣ್ಣ ತಡಕಾಡುತ್ತ, ಸ್ಟೂಲನ್ನು ಬದಿಗೆ ತಳ್ಳಿ ಬಂದ. ಅವನ ಕೈ ನನ್ನ ಕಿವಿ, ಹಣೆ, ಮೂಗು ಮುಟ್ಟಿತು, ಅಲ್ಲಿಂದ ಮೇಲಕ್ಕೆ ಹೋಗಿ ಬಲ್ಬಿಗೆ ತಾಗಿತು. ಕೈ ಹಿಂದಕ್ಕೆ ಎಳೆದುಕೊಂಡ. ಮತ್ತೆ ನಿಧಾನವಾಗಿ ಹಣೆಯನ್ನು ಅದರ ಹತ್ತಿರ ತಂದ. ಹಾಗೆಯೇ ನಿಂತ.

ತಂಗಿ ಮೇಲಿನಿಂದ ಇಳಿದು ಬಂದು ಕೋಣೆಯ ಹೊರಗೇ ನಿಂತಳು. "ಇಷ್ಟು ಬೇಗ ಬಂದ್ರಾ? ನಾಯಿ ಯಾಕೆ ಹಾಗೆ ಕಿರುಚ್ತು?"

"ಬಡಗಿ ಬಂದಿದ್ನಾ ಪುಟ್ಟಿ?"

"ಇಲ್ಲಪ್ಪ. ನಾನು ಬಾಗಿಲಲ್ಲೇ ಕೂತಿದ್ದೆ. ಈಗಷ್ಟೇ ಹಾಲು ಉಕ್ಕುತ್ತೆ ಅಂತ ಮೇಲೆ ಹೋದೆ. ಒಂದು ನೊಣಾನೂ ಒಳಗೆ ಹೋಗಿಲ್ಲ."

ಅಷ್ಟರಲ್ಲಿ, ಹೇಳಿದ ಹೊತ್ತಿಗಿಂತ ಮೊದಲೇ, ವಾರ್ಡನ್ ಬಂದರು, ಬಗಲಲ್ಲಿ ಕಡತ, ಮೈಯೆಲ್ಲ ಫಿನಾಯಿಲ್ ವಾಸನೆ. ಒಳ್ಳೆಯ ಮನುಷ್ಯನೇ. ತಂಗಿ ಓಡಿಹೋಗಿ ಕುರ್ಚಿ ತಂದು ಹಾಕಿದಳು. ಬಲ್ಬನ್ನು ಅವಳು ಆಗ ನೋಡಿದಳು, ಆದರೆ ಸ್ವಿಚ್ಚು ವಾರ್ಡನ್ ಬೆನ್ನಹಿಂದೆ ಇತ್ತು.

"ನಿಮ್ ಬಾಯಿಂದಾನೇ ಕೇಳ್ಬೇಕು ನಾನು," ಅಂದರು ವಾರ್ಡನ್. "ನಿಮಗೆ ಒಬ್ರೇ ಇರೋಕಾಗುತ್ತಾ, ಆಗಲ್ವಾ?"

"ಹೇಳ್ತೀನಿ ಸಾರ್. ಅದಕ್ಕೆ ಮುಂಚೆ ಒಂದು ಮಾತು. ಈ ರೂಮಲ್ಲಿ ಲೈಟು ಉರೀತಿದ್ಯಾ?"

"ಉರೀತಿದೆಯಲ್ಲ."

"ಯಾರಿಗೋಸ್ಕರ?"

ವಾರ್ಡನ್‌ಗೆ ಅರ್ಥವಾಗಲಿಲ್ಲ. ತಂಗಿಗೆ ಆಯಿತು. ಅವಳ ಮೈಯಿಂದ ಭಯದ ಬೆವರು ಭಗ್ಗನೆ ಎದ್ದಿತು, ಸುಟ್ಟ ಮೂಗಿಗೂ ಅದು ತಪ್ಪಲಿಲ್ಲ.

"ನನಗೆ ಬೆಳಕು ಬೇಡ ಸಾರ್. ಬಡಗಿ ಬಂದಿಲ್ಲ. ಒಂದು ನೊಣಾನೂ ಒಳಗೆ ಬಂದಿಲ್ಲ ಅಂತ ನನ್ ತಂಗೀನೇ ಹೇಳ್ತಾಳೆ. ಹಾಗಾದ್ರೆ ಯಾರು ಹಾಕಿದ್ರು?" ಅವನು ಅವಳ ಕಡೆಗೆ ತಿರುಗಿದ. ದನಿ ಏರುತ್ತಿತ್ತು. "ಚಾಕೂನೂ ನೀನೇನಾ ತಿರುಗಿಸಿದ್ದು?"

"ಅಣ್ಣ, ನಿನ್ನ ಇಲ್ಲಿ ಒಬ್ಬನ್ನೇ ಬಿಟ್ಟುಹೋದ್ರೆ ನನಗೆ ನಿದ್ದೆ ಬರುತ್ತಾ? ನೀನು ಕೇಳಲ್ವಲ್ಲ..."

"ನನ್ನ ಬೀಳಿಸಿದ್ರೆ ನಿದ್ದೆ ಬರ್ತಿತ್ತಾ?" ಅಣ್ಣ ಮೇಜಿಗೆ ಗುದ್ದಿದ, ಗೂಟಗಳು ಚೆಲ್ಲಾಪಿಲ್ಲಿಯಾದವು. "ಹೋಗಬೇಕಿತ್ತು ಕಣೇ, ಹೋಗು ಅಂತ ನಾನೇ ಹೇಳಿದ್ನಲ್ಲ! ಹನ್ನೆರಡು ದಿನ ನನ್ ಕೈಯನ್ನ ನಾನೇ ನಂಬ್ಲಿಲ್ಲ. ಇರೋದೇ ಎರಡು ಕೈ ನನಗೆ. ಅದನ್ನೂ ಕಿತ್ಕೊಳ್ಳೋಕೆ ಬಂದ್ಯಲ್ಲೇ!"

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣ ಉಸಿರು ತೆಗೆದುಕೊಂಡು, "ಬರ್ಕೊಳ್ಳಿ ಸಾರ್. ಒಬ್ಬನೇ ಇರೋಕಾಗುತ್ತೆ ನನಗೆ" ಅಂದ. ವಾರ್ಡನ್ ಏನನ್ನೂ ಬರೆದುಕೊಳ್ಳಲಿಲ್ಲ, ಕಡತ ಮುಚ್ಚಿ, ಅವಳ ಮುಖ ನೋಡದೆ ಹೊರಟುಹೋದರು.

ಅಣ್ಣ ನೆಲದ ಮೇಲೆ ಕೂತು ನನ್ನನ್ನು ಹತ್ತಿರ ಎಳೆದುಕೊಂಡ. ಅವನ ಪಟ್ಟಿ ಕಟ್ಟಿದ ಕೈ ನನ್ನ ಬೆನ್ನಿನ ಮೇಲೆ ಹುಡುಕಾಡಿ, ಬೆತ್ತದ ಏಟು ಬಿದ್ದ ಜಾಗದಲ್ಲೇ ಸರಿಯಾಗಿ ನಿಂತಿತು. ಮರೆತಿರಲಿಲ್ಲ. ಅವನು ಯಾವ ಜಾಗವನ್ನೂ ಮರೆಯುವವನಲ್ಲ.

ಸ್ವಲ್ಪ ಹೊತ್ತಿಗೆ ತಂಗಿ ಮುಲಾಮಿನ ಡಬ್ಬಿ ಹಿಡಿದು ಬಂದಳು. ಕಣ್ಣು ಊದಿತ್ತು. "ಪಾಪ, ಮೂಗು ಸುಟ್ಟುಕೊಂಡಿದೆ, ಒಂಚೂರು ಹಚ್ತೀನಿ" ಎಂದು ಮಂಡಿಯೂರಿ ಕೈ ಚಾಚಿದಳು. ಅದೇ ಕೈ. ನಾನು ಹಲ್ಲು ಕಿರಿದು ಗುರುಗುಟ್ಟಿದೆ. ಅವಳು ಅಣ್ಣನ ಮುಖ ನೋಡುತ್ತ ಕಾದಳು.

ಈ ಸಲ ಅಣ್ಣ ನನಗೆ ಸುಮ್ಮನಿರು ಅನ್ನಲಿಲ್ಲ.